ಹಿತ್ತಲ ಕಲ್ಲು

ದೇಶ ಸುತ್ತಬೇಕು, ಕೋಶ ಓದಬೇಕು ಎಂಬುದು ಹಿರಿಯರ ನುಡಿ. ಬ್ಯಾಂಕಿನ ನೌಕರಿಯಲ್ಲಿ ಮೂವತ್ತೈದು ವರ್ಷಗಳನ್ನು ಕಳೆದ ನಾವು ಈ ಮಾತನ್ನು ಶಕ್ತ್ಯಾನುಸಾರ ಪಾಲಿಸಿದವರೇ. ರಜೆ ದೊರೆತಾಗಲೆಲ್ಲ ಮಡದಿ ಮಕ್ಕಳೊಡನೆ ಕಾಶಿ, ಕೇದಾರ, ಶ್ರೀಶೈಲಗಳಿಗೆ ಹೋಗಿ ಬಂದೆವು. ಕೂಡಲಸಂಗಮ, ಬಸವಕಲ್ಯಾಣಗಳನ್ನು ಕಂಡು ಧನ್ಯರಾದೆವು. ಮನೆಗೆ ಬಂದ ಬೀಗರು ಬಿಜ್ಜರನ್ನು ತಪ್ಪದೆ ಹಂಪಿಗೆ ಕರೆದೊಯ್ದೆವು. ಆದರೆ ಬಳ್ಳಾರಿಯ ನಮ್ಮ ಮನೆಯಿಂದ ಹತ್ತು ಕಿಲೋಮೀಟರಿನಷ್ಟೂ ದೂರವಿಲ್ಲದ ಒಂದು ಬೆಟ್ಟವನ್ನು ಅರವತ್ತೆರಡನೆಯ ವಯಸ್ಸಿನವರೆಗೆ ಏರಿರಲಿಲ್ಲವೆಂದರೆ ಓದುಗ ಬಂಧುಗಳು ನಕ್ಕಾರು. ಹಿತ್ತಲ ಗಿಡ ಮದ್ದಲ್ಲ ಎಂಬ ಗಾದೆಯನ್ನು ಕಟ್ಟಿದವರೂ ಆ ಹಿರಿಯರೇ ಅಲ್ಲವೇ? ನಾವಿಲ್ಲಿ ನಿವೇದಿಸಿಕೊಳ್ಳುವುದು ನಮ್ಮ ಹಿತ್ತಲಿನ ಒಂದು ಕಲ್ಲಿನ ವೃತ್ತಾಂತವನ್ನು. ಆ ಕಲ್ಲು ನಮ್ಮ ಕಣ್ಣಿಗೆ ಬೀಳಲು ಆಫ್ರಿಕಾ ಖಂಡದ ಉತ್ತರ ತೀರದಿಂದ ಒಬ್ಬನು ಬರಬೇಕಾಯಿತು.

ಅಲ್ಜೀರಿಯಾದ ಚಿತ್ರಗಳು

ನಮ್ಮ ತಮ್ಮನು ಸಿರುಗುಪ್ಪ ತಾಲ್ಲೂಕಿನ ನಮ್ಮ ಹುಟ್ಟೂರಿನಲ್ಲಿ ಒಕ್ಕಲುತನ ಮಾಡಿಕೊಂಡಿದ್ದಾನೆ. ಅವನ ಮಗ ಇಂಜಿನಿಯರಿಂಗ್ ಓದಿ, ಅಲ್ಜೀರಿಯಾ ದೇಶದ ಒಂದು ಕಾಮಗಾರಿಯಲ್ಲಿ ನಾಲ್ಕು ವರ್ಷಗಳಿಂದ ದುಡಿಯುತ್ತಿದ್ದಾನೆ. ಕಳೆದ ದೀಪಾವಳಿಗೆ ಊರಿಗೆ ಬಂದವನು ಬಳ್ಳಾರಿಯ ನಮ್ಮ ಮನೆಯಲ್ಲಿ ಎರಡು ದಿನ ಉಳಿದನು. ರಾತ್ರಿ ಪ್ರಸಾದವಾದ ಮೇಲೆ ತಾನು ಅಲ್ಲಿ ಕಂಡ ಸ್ಥಳಗಳ ಚಿತ್ರಗಳನ್ನು ಒಂದೊಂದಾಗಿ ತೋರಿಸತೊಡಗಿದನು.

ಅಲ್ಜೀರಿಯಾ ಎಂದರೆ ಮರಳುಗಾಡು, ಎಣ್ಣೆ ಬಾವಿ ಎಂದಷ್ಟೇ ತಿಳಿದಿದ್ದ ನಮಗೆ ಆ ಚಿತ್ರಗಳು ಬೆರಗನ್ನು ತಂದವು. ಕಡಿದಾದ ಕಣಿವೆಯ ಮೇಲೆ ಸೇತುವೆಗಳಿಂದ ಬೆಸೆದುಕೊಂಡ ಕಾನ್‌ಸ್ಟಂಟೀನ್ ನಗರ. ಕಡಲ ಅಂಚಿನ ಟಿಪಾಸಾ. ಬೆಟ್ಟಗಳ ನಡುವಿನ ಜೆಮಿಲಾ. ಇವೆಲ್ಲಕ್ಕಿಂತ ಮಿಗಿಲಾಗಿ ಟಿಮ್‌ಗಾಡ್. ಕ್ರಿ.ಶ. ೧೦೦ರ ಸುಮಾರಿಗೆ ರೋಮಿನ ಚಕ್ರವರ್ತಿ ಟ್ರೇಜನ್ ತನ್ನ ನಿವೃತ್ತ ಸೈನಿಕರಿಗಾಗಿ ಕಟ್ಟಿಸಿದ ಊರು ಅದು. ಚೌಕಾಬಾರದ ಮನೆಯಂತೆ ಅಡ್ಡ ಉದ್ದ ಗೆರೆ ಎಳೆದ ನೇರ ಬೀದಿಗಳು, ಬಯಲು ರಂಗಮಂದಿರ, ಸ್ನಾನಗೃಹಗಳು, ಒಂದು ಗ್ರಂಥಾಲಯ ಕೂಡ! ಶತಮಾನಗಳ ಕಾಲ ಮಣ್ಣು ಮರಳುಗಳಡಿ ಮುಚ್ಚಿಹೋಗಿದ್ದ ಈ ನಗರವನ್ನು ೧೮೮೧ರಿಂದಾಚೆಗೆ ಅಗೆದು ಹೊರತೆಗೆದರಂತೆ. ೧೯೮೨ರಲ್ಲಿ ಟಿಪಾಸಾ, ಜೆಮಿಲಾ, ಟಿಮ್‌ಗಾಡ್ ಮೂರೂ ಯುನೆಸ್ಕೋದ ವಿಶ್ವ ಪರಂಪರೆಯ ಪಟ್ಟಿಗೆ ಸೇರಿವೆ. ಆದರೂ ಈಜಿಪ್ಟಿಗೆ ಹೋಗುವ ಜನಸಾಗರದಲ್ಲಿ ಒಂದು ತೊರೆಯಷ್ಟು ಜನರೂ ಇತ್ತ ಬರುವುದಿಲ್ಲ. “ದೊಡ್ಡಪ್ಪಾ, ಅಷ್ಟು ದೊಡ್ಡ ಊರಿನಾಗ ಅವತ್ತು ನಾನು, ಒಬ್ಬ ಕಾವಲುಗಾರ, ನಾಕು ಆಡು. ಇಷ್ಟಽ ಇದ್ವಿ” ಎಂದನು.

ಕೊನೆಯಲ್ಲಿ ತೋರಿಸಿದ್ದು ತಸಿಲಿ ನಜ್ಜೇರ್ ಎಂಬ ಸಹಾರಾ ಮರುಭೂಮಿಯ ಬಂಡೆಗಳ ಚಿತ್ರ. ಹುಲ್ಲುಕಡ್ಡಿ ಕಾಣದ ಆ ಕಲ್ಲುಗಾಡಿನ ಗೋಡೆಗಳ ಮೇಲೆ ಸಾವಿರಾರು ವರ್ಷಗಳ ಹಿಂದೆ ಯಾರೋ ಉದ್ದ ಕೊಂಬಿನ ದನಗಳ ಹಿಂಡುಗಳನ್ನು ಬರೆದಿದ್ದಾರೆ. ಒಂದು ಕಾಲದಲ್ಲಿ ಅಲ್ಲಿ ಮಳೆಯಿತ್ತು, ಹುಲ್ಲಿತ್ತು, ದನಗಾಹಿಗಳಿದ್ದರು ಎಂಬುದಕ್ಕೆ ಆ ಚಿತ್ರಗಳೇ ಸಾಕ್ಷಿ. ಅದನ್ನು ನೋಡುತ್ತಿರುವಾಗ ಹುಡುಗನು ಕೇಳಿದ ಪ್ರಶ್ನೆ ನಮ್ಮ ಎದೆಗೆ ನಾಟಿತು. “ಇಂಥವೇ ದನದ ಚಿತ್ರ ನಮ್ಮ ಬಳ್ಳಾರಿ ಹತ್ತಿರ ಕಪ್ಪಗಲ್ಲು ಗುಡ್ಡದಾಗೂ ಅದಾವಂತ ಅಲ್ಲಿ ಒಬ್ಬ ಫ್ರೆಂಚ್ ಮನುಷ್ಯ ನನಗ ಹೇಳಿದ. ನೀವು ನೋಡೀರೇನು ದೊಡ್ಡಪ್ಪಾ?”

ನಾವು ನೋಡಿರಲಿಲ್ಲ. ಬಳ್ಳಾರಿಯ ಬೆಟ್ಟದ ಸುದ್ದಿಯನ್ನು ಬಳ್ಳಾರಿಯವರಿಗೆ ಫ್ರಾನ್ಸಿನವರು ಅಲ್ಜೀರಿಯಾದ ಮೂಲಕ ತಲುಪಿಸಿದಂತಾಯಿತು! ಅಂದೇ ನಿಶ್ಚಯಿಸಿದೆವು: ಹುಡುಗನು ಮರಳಿ ಹೋಗುವ ಮೊದಲು ಮೂರು ದಿನ ಬಿಡುವು ಮಾಡಿಕೊಂಡು ನಮ್ಮ ಸೀಮೆಯನ್ನೇ ಒಮ್ಮೆ ಪರದೇಶದವರಂತೆ ನೋಡಿಬರಬೇಕು. ಬಳ್ಳಾರಿಯಿಂದ ಹೊರಟು, ಹುಟ್ಟೂರಿನಲ್ಲಿ ತಂಗಿ, ಸಿರುಗುಪ್ಪ ನೋಡಿ, ಅಲ್ಲಿಂದ ನಮ್ಮ ಮಾತೃಶ್ರೀಯವರ ತವರಾದ ಕುರುಗೋಡಿಗೆ ಅವರನ್ನೂ ಕರೆದುಕೊಂಡು ಹೋಗುವುದೆಂದು ಗೊತ್ತಾಯಿತು.

ಬಳ್ಳಾರಿಯ ಗುಡ್ಡಗಳು

ಮೊದಲನೆಯ ದಿನ ಬೆಳಿಗ್ಗೆ ಪೂಜೆ ಮುಗಿಸಿ ಬಳ್ಳಾರಿ ಗುಡ್ಡವನ್ನು ಏರಿದೆವು. ವಿಜಯನಗರ ಕಾಲದ ಪಾಳೆಯಗಾರ ಹನುಮಪ್ಪನಾಯಕನ ಹೆಸರಿನೊಡನೆ ಈ ಮೇಲುಕೋಟೆಯ ಚರಿತ್ರೆ ಆರಂಭವಾಗುತ್ತದೆ. ಮುಂದೆ ಹೈದರಾಲಿಯು ಇದನ್ನು ಬಲಪಡಿಸಿ ಕೆಳಕೋಟೆಯನ್ನು ಕಟ್ಟಿಸಿದನು. ಕೋಟೆ ಮುಗಿದ ಮೇಲೆ ಎದುರಿನ ಕುಂಬಾರ ಗುಡ್ಡವು ಇದಕ್ಕಿಂತ ಎತ್ತರವೆಂಬುದು ಹೈದರನಿಗೆ ಹೊಳೆಯಿತಂತೆ. ಅಲ್ಲಿಂದ ಫಿರಂಗಿ ಹಾರಿಸಿದರೆ ಕೋಟೆ ಉಳಿಯದೆಂದು ಕೋಪಗೊಂಡು, ಕಟ್ಟಿದ ಫ್ರೆಂಚ್ ಇಂಜಿನಿಯರನನ್ನೇ ಗಲ್ಲಿಗೇರಿಸಿದನೆಂಬುದು ಐತಿಹ್ಯ. ಕಥೆ ಕೇಳಿದ ನಮ್ಮ ಇಂಜಿನಿಯರ್ ಹುಡುಗನು ಕೊರಳನ್ನು ತಡವಿಕೊಂಡನು. ೧೮೦೦ರಲ್ಲಿ ನಿಜಾಮನು ಈ ಸೀಮೆಯನ್ನು ಇಂಗ್ಲಿಷರಿಗೆ ಬಿಟ್ಟುಕೊಟ್ಟ ಬಳಿಕ ಬಳ್ಳಾರಿ ದಂಡಿನ ಊರಾಯಿತು. ಮೇಲೆ ನಿಂತು ನೋಡಿದರೆ ಊರೆಲ್ಲ ಅಂಗೈಯಲ್ಲಿಟ್ಟಂತೆ. ಮೂವತ್ತು ವರ್ಷ ಇದರ ನೆರಳಿನಲ್ಲೇ ಕಚೇರಿಗೆ ನಡೆದಾಡಿದವರು ನಾವು. ಮೇಲಕ್ಕೆ ಬಂದದ್ದು ಮಕ್ಕಳು ಚಿಕ್ಕವರಿದ್ದಾಗ ಒಮ್ಮೆ ಮಾತ್ರ.

ಕೆಳಗಿಳಿದು ರಾಬರ್ಟ್ ಬ್ರೂಸ್ ಫೂಟ್ ಸಂಗನಕಲ್ಲು ಪುರಾತತ್ವ ವಸ್ತುಸಂಗ್ರಹಾಲಯಕ್ಕೆ ಹೋದೆವು. ಭೂವಿಜ್ಞಾನಿಯಾಗಿದ್ದ ಫೂಟ್ ಸಾಹೇಬರು ೧೮೬೩ರಲ್ಲಿ ಮದರಾಸಿನ ಬಳಿಯ ಪಲ್ಲಾವರಂನಲ್ಲಿ ಹಳೆಯ ಶಿಲಾಯುಗದ ಆಯುಧವೊಂದನ್ನು ಗುರುತಿಸಿದವರು. ಭಾರತದಲ್ಲಿಯೂ ಶಿಲಾಯುಗದ ಮಾನವನಿದ್ದನೆಂಬುದು ಜಗತ್ತಿಗೆ ತಿಳಿದದ್ದು ಆ ಮೂಲಕ. ಬಳ್ಳಾರಿ ಸೀಮೆಯ ಗುಡ್ಡಗಳನ್ನು ಕಾಲ್ನಡಿಗೆಯಲ್ಲಿ ಸುತ್ತಿದವರಲ್ಲಿಯೂ ಅವರು ಅಗ್ರಗಣ್ಯರು. ಅಲ್ಲಿಟ್ಟ ನುಣುಪಾದ ಕರಿಗಲ್ಲಿನ ಕೊಡಲಿಗಳನ್ನು ನೋಡುವಾಗ, ಇವುಗಳ ಕಾರ್ಖಾನೆಯೇ ನಮ್ಮೂರ ಪಕ್ಕದಲ್ಲಿತ್ತು ಎಂದು ಓದಿ ಬೆಕ್ಕಸಬೆರಗಾದೆವು.

ಸಂಜೆಯ ಬಿಸಿಲು ಇಳಿಯುವ ಹೊತ್ತಿಗೆ ಸಂಗನಕಲ್ಲು, ಕಪ್ಪಗಲ್ಲು ಗುಡ್ಡಗಳ ಬುಡದಲ್ಲಿದ್ದೆವು. ಬೂದುಬಣ್ಣದ ಬಂಡೆಗಳ ನಡುವೆ ಕರಿಯ ಕಲ್ಲಿನ ಒಂದು ಪಟ್ಟಿ ಬೆಟ್ಟವನ್ನು ಸೀಳಿಕೊಂಡು ಹೋಗಿದೆ. ನವಶಿಲಾಯುಗದ ಜನರು ಕೊಡಲಿಗೆಂದು ಒಡೆದದ್ದು ಇದೇ ಕಲ್ಲನ್ನು. ಬಿ. ಸುಬ್ಬರಾವ್ ಅವರು ಇಲ್ಲಿ ಉತ್ಖನನ ನಡೆಸಿ, ಬಳ್ಳಾರಿಯ ಶಿಲಾಯುಗ ಸಂಸ್ಕೃತಿಗಳ ಕುರಿತು ೧೯೪೮ರಲ್ಲಿಯೇ ಗ್ರಂಥ ಪ್ರಕಟಿಸಿದ್ದರು. ಸ್ಥಳೀಯ ದನಗಾಹಿ ಬಾಲಕನೊಬ್ಬನು ದಾರಿ ತೋರಿಸಿದನು. ಏದುಸಿರು ಬಿಡುತ್ತ ಮೇಲೇರಿ ನೋಡಿದರೆ, ಅಲ್ಲಿವೆ! ಕರಿಬಂಡೆಗಳ ಮೇಲೆ ಕುಟ್ಟಿ ಕುಟ್ಟಿ ಮೂಡಿಸಿದ ಹಿಣಿಲುಳ್ಳ, ನೀಳವಾದ ಕೊಂಬುಗಳ ಗೂಳಿಗಳು. ಅವುಗಳ ನಡುವೆ ಕಡ್ಡಿಯಂತಹ ಮನುಷ್ಯರು. ಬಾಲಕನು ಒಂದು ಬಂಡೆಯನ್ನು ಸಣ್ಣ ಕಲ್ಲಿನಿಂದ ತಟ್ಟಿದನು. ‘ಠಣ್’ ಎಂಬ ನಾದ ಹೊಮ್ಮಿತು. ಥೇಟು ಗುಡಿಯ ಗಂಟೆಯದೇ. ಈ ನಾದದ ಬಂಡೆಗಳನ್ನೂ ಚಿತ್ರಗಳನ್ನೂ ಕುರಿತು ನಿಕೋಲ್ ಬೋವಿನ್ ಎಂಬ ವಿದುಷಿಯು ೨೦೦೪ರಲ್ಲಿ ಬರೆದ ಲೇಖನ ಹೊರದೇಶದ ವಿದ್ವಾಂಸರ ಗಮನ ಸೆಳೆದಿತ್ತು. ಕರ್ನಾಟಕದವರೇ ಆದ ರವಿ ಕೋರಿಶೆಟ್ಟರ್ ಅವರು ಈ ಬೆಟ್ಟಗಳಿಗಾಗಿ ವರ್ಷಗಟ್ಟಲೆ ದುಡಿದಿದ್ದಾರೆ. ನಮಗೆ ಮಾತ್ರ ಸುದ್ದಿ ಅಲ್ಜೀರಿಯಾದಿಂದ ಬರಬೇಕಾಯಿತು.

ಅಲ್ಲಿಯೇ ಇನ್ನೊಂದು ಸಂಗತಿ ತಿಳಿಯಿತು. ಈ ಸೀಮೆಯಲ್ಲಿ ಅಲ್ಲಲ್ಲಿ ಬೂದಿಯ ದಿಬ್ಬಗಳಿವೆ. ಕಪ್ಪಗಲ್ಲಿನಲ್ಲಿಯೂ ಉಂಟು, ಕುಡತಿನಿಯದು ಬಹು ದೊಡ್ಡದು. ರಾಕ್ಷಸರನ್ನು ಸುಟ್ಟ ಬೂದಿಯೆಂದು ನಮ್ಮ ಅಜ್ಜಿ ಹೇಳುತ್ತಿದ್ದರು. ಅದು ನವಶಿಲಾಯುಗದ ದನಗಾಹಿಗಳು ತಮ್ಮ ದೊಡ್ಡಿಗಳಲ್ಲಿ ಸಂಗ್ರಹವಾದ ಸಗಣಿಯನ್ನು ಮತ್ತೆ ಮತ್ತೆ ಸುಟ್ಟುದರಿಂದ ಆದ ದಿಬ್ಬವೆಂದು ವಿದ್ವಾಂಸರು ಸಿದ್ಧಪಡಿಸಿದ್ದಾರೆ. ಆಲ್ಚಿನ್ ಎಂಬ ಪಂಡಿತರ ೧೯೬೩ರ ಗ್ರಂಥ ಈ ವಿಷಯದಲ್ಲಿ ಪ್ರಸಿದ್ಧವಾದುದು. ನಾಲ್ಕು ಸಾವಿರ ವರ್ಷಗಳಿಗೂ ಹಿಂದಿನ ಗೋಮಯದ ಭಸ್ಮ! ನಿತ್ಯವೂ ಹಣೆಗೆ ವಿಭೂತಿ ಧರಿಸುವ ನಾವು ಆ ಬೂದಿಯ ಒಂದು ಚಿಟಿಕೆಯನ್ನು ಬೆರಳ ತುದಿಯಲ್ಲಿ ಮುಟ್ಟಿ ಸುಮ್ಮನೆ ನಿಂತೆವು. ಅದಕ್ಕೂ ಇದಕ್ಕೂ ನೇರ ಸಂಬಂಧವಿದೆಯೆಂದು ನಾವು ಸಾಧಿಸಹೊರಟಿಲ್ಲ. ಆದರೆ ದನದ ಸಗಣಿಯನ್ನು ಸುಟ್ಟು ಉಳಿದ ಬೂದಿಯನ್ನು ಕಸವೆಂದೆಣಿಸದ ಜನ ಈ ನೆಲದಲ್ಲಿ ನಮಗಿಂತ ಬಹು ಹಿಂದೆಯೂ ಇದ್ದಿರಬಹುದೆಂಬ ಭಾವನೆ ಮನಸ್ಸಿಗೆ ಹಿತವಾಯಿತು.

ಹಿತವಾದ ಆ ಭಾವನೆ ಹೆಚ್ಚು ಹೊತ್ತು ಉಳಿಯಲಿಲ್ಲ. ಬೂದಿ ಒಳ್ಳೆಯ ಗೊಬ್ಬರವೆಂದು ಇಂಥ ದಿಬ್ಬಗಳಿಂದ ಬಂಡಿಗಟ್ಟಲೆ ಹೊತ್ತು ಹೊಲಗಳಿಗೆ ಚೆಲ್ಲಿದವರು ನಮ್ಮವರೇ. ಬೆಟ್ಟದ ಮಗ್ಗುಲಲ್ಲಿ ಜಲ್ಲಿಗಾಗಿ ಕಲ್ಲು ಸಿಡಿಸಿದ ಗಾಯಗಳೂ ಕಂಡವು. “ನಮ್ಮವರಿಗೆ ಬುದ್ಧಿಯಿಲ್ಲ, ಹಿರಿಯರ ಸೊತ್ತಿನ ಬೆಲೆ ತಿಳಿಯದು” ಎಂದು ನಾವು ಹುಡುಗನ ಮುಂದೆ ಸಾಕಷ್ಟು ಉದ್ದವಾದ ಉಪನ್ಯಾಸವನ್ನೇ ಕೊಟ್ಟೆವು. ಆ ಉಪನ್ಯಾಸವು ಎರಡೇ ದಿನಗಳಲ್ಲಿ ನಮಗೇ ತಿರುಗಿ ಬರುವುದೆಂದು ಆಗ ತಿಳಿದಿರಲಿಲ್ಲ.

ತೆಕ್ಕಲಕೋಟೆ, ನಿಟ್ಟೂರು

ಮರುದಿನ ಸಿರುಗುಪ್ಪದ ದಾರಿ ಹಿಡಿದೆವು. ಇಕ್ಕೆಲದಲ್ಲಿ ಕಾಲುವೆಯ ನೀರಿನ ಭತ್ತದ ಗದ್ದೆಗಳು. ತೆಕ್ಕಲಕೋಟೆಯಲ್ಲಿ ಇಳಿದು ಗುಡ್ಡದ ಬಂಡೆಗಳ ನಡುವೆ ಒಂದು ಗಂಟೆ ಅಲೆದೆವು. ೧೯೬೩ರಿಂದೀಚೆಗೆ ಡಾ. ಎಂ.ಎಸ್. ನಾಗರಾಜರಾವ್ ಮತ್ತು ಸಂಗಡಿಗರು ಇಲ್ಲಿ ಉತ್ಖನನ ನಡೆಸಿ, ಬೆಟ್ಟದ ಮೇಲೆ ದುಂಡನೆಯ ಗುಡಿಸಲುಗಳಲ್ಲಿ ಬಾಳಿದ ನವಶಿಲಾಯುಗದ ಜನರ ನೆಲೆಯನ್ನು ಬೆಳಕಿಗೆ ತಂದರು. ಕಲ್ಲಿನ ಆಯುಧಗಳ ಜೊತೆಗೆ ಚಿನ್ನದ ಪುಟ್ಟ ಆಭರಣಗಳೂ ಅಲ್ಲಿ ದೊರೆತವಂತೆ. ಆ ಕಾಲದ ಜನರು ತೀರಿಹೋದ ಹಸುಗೂಸುಗಳನ್ನು ಮಡಕೆಗಳಲ್ಲಿಟ್ಟು ಮನೆಯ ನೆಲದ ಅಡಿಯಲ್ಲಿಯೇ ಹೂಳುತ್ತಿದ್ದರೆಂದು ಓದಿದಾಗ ನಮ್ಮ ಮನೆಯವರ ಕಣ್ಣು ಒದ್ದೆಯಾಯಿತು. “ದೂರ ಕಳಿಸೋಕೆ ಮನಸ್ಸು ಬಂದಿರಲಿಕ್ಕಿಲ್ಲ, ತಾಯಿ ಅಲ್ಲೇನು?” ಎಂದಷ್ಟೇ ಅಂದರು. ಗ್ರಂಥಗಳಲ್ಲಿ ಇಲ್ಲದ ವ್ಯಾಖ್ಯಾನವದು.

ಅಲ್ಲಿಂದ ನಿಟ್ಟೂರಿಗೆ. ತುಂಗಭದ್ರೆಯ ಬಳಿಯ ಈ ಸಾಧಾರಣ ಹಳ್ಳಿಯ ಬಂಡೆಯ ಮೇಲೆ ಅಶೋಕ ಚಕ್ರವರ್ತಿಯ ಶಾಸನವಿದೆ. ಕ್ರಿಸ್ತಪೂರ್ವ ಮೂರನೆಯ ಶತಮಾನದ್ದು. ಬ್ರಾಹ್ಮೀ ಲಿಪಿ, ಪ್ರಾಕೃತ ಭಾಷೆ. ಅಶೋಕನ ಬಹುತೇಕ ಶಾಸನಗಳಲ್ಲಿ ‘ದೇವಾನಾಂಪ್ರಿಯ’ ಎಂಬ ಬಿರುದು ಮಾತ್ರ ಇರುವುದರಿಂದ, ಈ ಅರಸ ಯಾರೆಂದು ಪಂಡಿತರು ಬಹುಕಾಲ ತರ್ಕಿಸಬೇಕಾಯಿತು. ೧೯೧೫ರಲ್ಲಿ ಮಸ್ಕಿಯ ಶಾಸನ ದೊರೆತಾಗ ಅಶೋಕನೆಂಬ ಹೆಸರೇ ಅಲ್ಲಿ ಕಾಣಿಸಿತು. ಹಾಗೆ ಹೆಸರನ್ನು ಹೇಳುವ ಶಾಸನಗಳು ದೇಶದಲ್ಲಿ ಬೆರಳೆಣಿಕೆಯಷ್ಟು. ಅವುಗಳಲ್ಲಿ ಎರಡು ನಮ್ಮ ಸಿರುಗುಪ್ಪ ಸೀಮೆಯಲ್ಲಿವೆ: ನಿಟ್ಟೂರಿನದೊಂದು, ಉಡೇಗೋಳದ್ದೊಂದು. ಎರಡೂ ೧೯೭೦ರ ದಶಕದ ಕೊನೆಯಲ್ಲಿ ಬೆಳಕಿಗೆ ಬಂದವು. ಎರಡು ಸಾವಿರದ ಇನ್ನೂರು ವರ್ಷ ಆ ಬಂಡೆಯ ನೆರಳಿನಲ್ಲಿ ಎಷ್ಟು ಜನ ಬುತ್ತಿ ಬಿಚ್ಚಿ ಉಂಡೆದ್ದು ಹೋಗಿರಬಹುದು!

ಶಾಸನದ ಸಾರವಾದರೂ ಏನು? ಧರ್ಮದ ಫಲ ದೊಡ್ಡವರಿಗೆ ಮಾತ್ರ ಮೀಸಲಲ್ಲ, ಪ್ರಯತ್ನಪಟ್ಟರೆ ಸಣ್ಣವರಿಗೂ ಅದು ಸಾಧ್ಯ ಎಂಬುದು. ತಾಯಿತಂದೆಗಳ ಮಾತನ್ನು ನಡೆಸಬೇಕು, ಜೀವಿಗಳಲ್ಲಿ ದಯೆಯಿರಬೇಕು, ಸತ್ಯವನ್ನು ನುಡಿಯಬೇಕು ಎಂಬುದು. ಬಸವಾದಿ ಶರಣರ ನಾಡಿನವರಾದ ನಮಗೆ ಇದೆಲ್ಲ ಹೊಸತಲ್ಲ. ಹೊಸತಾಗಿ ಕಂಡದ್ದು, ಪಾಟಲೀಪುತ್ರದಲ್ಲಿದ್ದ ಚಕ್ರವರ್ತಿಯೊಬ್ಬನು ಈ ಮಾತುಗಳನ್ನು ನಮ್ಮ ಹೊಲದ ಬದುವಿನವರೆಗೆ ತಂದು ಬರೆಸಿದನಲ್ಲ ಎಂಬುದು. ಕತ್ತಲಾಗುವ ಹೊತ್ತಿಗೆ ಹುಟ್ಟೂರು ಸೇರಿದೆವು.

ಹಿತ್ತಲಿನಲ್ಲಿ

ಮೂರನೆಯ ದಿನ ಬೆಳಗಿನ ಜಾವ. ನಾವು ಇನ್ನೂ ಪೂಜೆಗೆ ಕುಳಿತಿರಲಿಲ್ಲ. ಹಿತ್ತಲಿನಿಂದ ಹುಡುಗನ ಕೂಗು ಕೇಳಿಸಿತು. ಅಲ್ಲಿ ಬಾವಿಕಟ್ಟೆಯ ಪಕ್ಕ ಬಟ್ಟೆ ಒಗೆಯುವ ಕಲ್ಲೊಂದಿದೆ. ಸುಮಾರು ನಾಲ್ಕಡಿ ಉದ್ದ, ಎರಡಡಿ ಅಗಲ. ಹಲ್ಲುಜ್ಜಲು ಅದರ ಪಕ್ಕ ಕುಕ್ಕರಗಾಲಲ್ಲಿ ಕುಳಿತ ಹುಡುಗನು, ಮಣ್ಣು ಸರಿದು ಹೊರಚಾಚಿದ್ದ ಅದರ ಒಂದು ಅಂಚಿನಲ್ಲಿ ಏನೋ ಕೆತ್ತನೆಯಿರುವುದನ್ನು ಕಂಡಿದ್ದನು. ಆ ಕಲ್ಲಿನ ಪಕ್ಕ ಅವನು ಹುಟ್ಟಿದಂದಿನಿಂದ ಹಲ್ಲುಜ್ಜಿದವನೇ. ಆದರೆ ಆ ಎರಡು ದಿನಗಳ ಅಲೆದಾಟದಿಂದ ಅವನ ಕಣ್ಣಿಗೆ ಬೇರೊಂದು ರೂಢಿ ಬಂದಿತ್ತು.

ಇಬ್ಬರು ಆಳುಗಳನ್ನು ಕರೆದು, ಹಾರೆ ಕೊಟ್ಟು ಮೆಲ್ಲನೆ ಕಲ್ಲನ್ನು ಮಗುಚಿದೆವು. ಹಸಿಮಣ್ಣನ್ನು ನೀರಿನಿಂದ ತೊಳೆದಂತೆ ಒಂದೊಂದೇ ಅಂಕಣ ತೆರೆದುಕೊಂಡಿತು. ಕೆಳಗಿನ ಅಂಕಣದಲ್ಲಿ ಕತ್ತಿ ಹಿರಿದು ನಿಂತ ಒಬ್ಬ ಯೋಧ. ಅವನ ಬೆನ್ನ ಹಿಂದೆ ಮೂರು ದನಗಳು. ನಡುವಿನ ಅಂಕಣದಲ್ಲಿ ಅವನನ್ನು ಎರಡೂ ತೋಳು ಹಿಡಿದು ಕರೆದೊಯ್ಯುವ ದೇವಕನ್ಯೆಯರು. ಮೇಲಿನ ಅಂಕಣದಲ್ಲಿ ಲಿಂಗ, ಎದುರಿಗೆ ನಂದಿ, ಪಕ್ಕದಲ್ಲಿ ಕೈಮುಗಿದು ಕುಳಿತ ಅದೇ ಮನುಷ್ಯ. ತುರುಗಳನ್ನು ಕಳ್ಳರಿಂದ ಬಿಡಿಸುವಾಗ ಮಡಿದು ಶಿವಲೋಕ ಸೇರಿದ ವೀರನ ಕಲ್ಲು ಅದು. ಅಕ್ಷರಗಳಿರಲಿಲ್ಲ. ಹೆಸರಿಲ್ಲದ ವೀರ.

ಯಾರೂ ಮಾತನಾಡಲಿಲ್ಲ. ನಮಗಾದರೋ ಐವತ್ತು ವರ್ಷಗಳ ಹಿಂದಿನ ಒಂದು ಮಧ್ಯಾಹ್ನ ನೆನಪಾಯಿತು. ನಮ್ಮ ಲಿಂಗೈಕ್ಯ ತೀರ್ಥರೂಪರು ಈ ಮನೆಯನ್ನು ಕಟ್ಟಿಸುತ್ತಿದ್ದ ಕಾಲ. ಕೆರೆಯ ಏರಿಯ ಕೆಳಗಿನ ಹಾಳು ಗುಡಿಯ ಬಯಲಿನಿಂದ ಅಡಿಪಾಯಕ್ಕೆಂದು ಹಲವು ಬಂಡಿ ಕಲ್ಲುಗಳನ್ನು ಹೇರಿಕೊಂಡು ಬಂದರು. ಊರಿನವರೆಲ್ಲ ಹಾಗೆಯೇ ತರುತ್ತಿದ್ದರು. ಅದು ತಪ್ಪೆಂದು ಯಾರ ಮನಸ್ಸಿಗೂ ಬಂದಿರಲಿಲ್ಲ. ಕೊನೆಯ ಬಂಡಿಯಲ್ಲಿ ಈ ಚಪ್ಪಡಿ ಇತ್ತು. ಅದರ ಮೇಲೆ ಕುಳಿತು, ಎತ್ತುಗಳ ಬಾಲ ಮುರಿಯುತ್ತ ಹಾಡಿಕೊಂಡು ಬಂದ ಹತ್ತು ವರ್ಷದ ಬಾಲಕ ಬೇರೆ ಯಾರೂ ಅಲ್ಲ, ನಾವೇ.

ತೀರ್ಥರೂಪರು ಲಿಂಗಪೂಜೆಯಿಲ್ಲದೆ ನೀರು ಮುಟ್ಟದವರು. ಜಂಗಮರು ಬಂದರೆ ಉಂಡ ಎಲೆಯನ್ನು ತಾವೇ ಎತ್ತುತ್ತಿದ್ದವರು. ಅಂಥವರ ಕೈಯಿಂದಲೂ ಲಿಂಗವನ್ನು ಕೆತ್ತಿದ ಕಲ್ಲು ಬೋರಲಾಗಿ ಬಚ್ಚಲ ನೀರಿಗೆ ಸೇರಿತು. ಮೊನ್ನೆ ಕಪ್ಪಗಲ್ಲು ಗುಡ್ಡದ ಮೇಲೆ ‘ನಮ್ಮವರಿಗೆ ಬುದ್ಧಿಯಿಲ್ಲ’ ಎಂದು ಬೈದಿದ್ದೆವಲ್ಲ, ಆ ‘ನಮ್ಮವರು’ ನಾವೇ ಎಂಬುದು ಈಗ ತಿಳಿಯಿತು.

ಎಂಬತ್ನಾಲ್ಕು ವರ್ಷದ ನಮ್ಮ ಮಾತೃಶ್ರೀಯವರು ಗೋಡೆ ಹಿಡಿದುಕೊಂಡು ಬಂದು ಕಲ್ಲಿನ ಎದುರು ಕುಳಿತರು. ಬಹಳ ಹೊತ್ತು ನೋಡಿದರು. “ಐವತ್ತು ವರ್ಷ ಈ ಮನುಷ್ಯನ ಬೆನ್ನಿನ ಮ್ಯಾಲ ಬಟ್ಟಿ ಬಡದೀನಲ್ಲೋ” ಎಂದರು. ಅಷ್ಟೇ. ಅಳಲಿಲ್ಲ. ಸೆರಗಿನಿಂದ ಮೇಲಿನ ಅಂಕಣದ ಲಿಂಗವನ್ನು ಒರೆಸಿದರು. ಆಮೇಲೆ ಅವರು ಕೇಳಿದ ಪ್ರಶ್ನೆಗೆ ಇಂದಿಗೂ ಉತ್ತರ ನಮ್ಮಲ್ಲಿಲ್ಲ: “ಈತನ ಹೆಸರೇನು?”

ಮುಂದೇನು ಎಂಬ ಚರ್ಚೆ ಎದ್ದಿತು. ತಮ್ಮನಿಗೆ ಅಳುಕು. ಸರ್ಕಾರಕ್ಕೆ ತಿಳಿಸಿದರೆ ಅಧಿಕಾರಿಗಳು ಬಂದು ಮನೆಯ ಅಡಿಪಾಯ ಅಗೆಯೆಂದಾರು, ಹೊಲಕ್ಕೆ ಬೇಲಿ ಹಾಕಿಯಾರು, ಊರವರು ಏನೆಂದಾರು ಎಂದು. ಸುಮ್ಮನೆ ಮೊದಲಿನಂತೆ ಮಗುಚಿಬಿಡೋಣ, ಬೇಕಾದರೆ ಒಗೆಯುವುದಕ್ಕೆ ಬೇರೆ ಕಲ್ಲು ತರೋಣ ಎಂದನು. ಅವನ ಅಳುಕನ್ನು ನಾವು ಹಳಿಯಲಾರೆವು. ಬಳ್ಳಾರಿಯಲ್ಲಿ ಪಿಂಚಣಿ ಉಣ್ಣುವ ನಮಗೆ ಆ ಅಳುಕು ಇಲ್ಲದಿರುವುದು ದೊಡ್ಡತನವೇನಲ್ಲ. ಆದರೆ ಮಾತೃಶ್ರೀಯವರು ಒಂದೇ ಮಾತಿನಲ್ಲಿ ತೀರ್ಮಾನಿಸಿದರು. “ದನ ಉಳಿಸಾಕ ಸತ್ತವನ್ನ ಒಮ್ಮೆ ಬೋರಲು ಹಾಕಿದ್ವಿ, ತಿಳೀದೆ. ಈಗ ಹಾಕಿದ್ರ ತಿಳಿದು ಹಾಕಿದಂಗ.”

ಬಳ್ಳಾರಿಯಲ್ಲಿ ಇತಿಹಾಸ ಅಧ್ಯಾಪಕರಾಗಿರುವ ಮಿತ್ರರೊಬ್ಬರಿಗೆ ದೂರವಾಣಿ ಮಾಡಿದೆವು. ಕಲ್ಲಿನ ನಾಲ್ಕೂ ಬದಿಯ ಛಾಯಾಚಿತ್ರ ತೆಗೆಯಲು, ಅಳತೆ ಬರೆದುಕೊಳ್ಳಲು, ಅದು ಮೊದಲಿದ್ದ ಸ್ಥಳವನ್ನು ನೆನಪಿರುವವರನ್ನು ಕೇಳಿ ಗುರುತಿಸಲು, ಪುರಾತತ್ವ ಇಲಾಖೆಗೆ ಪತ್ರ ಬರೆಯಲು ಅವರು ಸೂಚಿಸಿದರು. ಎಣ್ಣೆ ಸುರಿಯಬೇಡಿ, ಸುಣ್ಣ ಬಣ್ಣ ಬಳಿಯಬೇಡಿ, ಸಿಮೆಂಟು ಮೆತ್ತಬೇಡಿ ಎಂದು ಎಚ್ಚರಿಸಿದರು. ಅಂಥ ಕಲ್ಲುಗಳು ನಮ್ಮ ಸೀಮೆಯಲ್ಲಿ ಅಪರೂಪವಲ್ಲವೆಂದೂ, ಅದಕ್ಕಾಗಿ ಮನೆ ಕೆಡವುವವರಿಲ್ಲವೆಂದೂ ತಮ್ಮನಿಗೆ ಧೈರ್ಯ ಹೇಳಿದರು. ಕಲ್ಲನ್ನು ಗೋಡೆಗೆ ಒರಗಿಸಿ, ಗೋಣಿಚೀಲ ಹೊದಿಸಿ, ಮಧ್ಯಾಹ್ನದ ಹೊತ್ತಿಗೆ ಮಾತೃಶ್ರೀಯವರೊಡನೆ ಹೊರಟೆವು.

ಸಿರುಗುಪ್ಪದಿಂದ ಕುರುಗೋಡಿಗೆ

ಸಿರುಗುಪ್ಪ ಎಂಬ ಹೆಸರಿಗೆ ಸಿರಿಯ ಗುಪ್ಪೆ, ಅಂದರೆ ಸಂಪತ್ತಿನ ರಾಶಿ ಎಂದು ಅರ್ಥ ಹೇಳುತ್ತಾರೆ. ಗಿರಣಿಗಳ ಮುಂದೆ ಒಣಹಾಕಿದ ಭತ್ತವನ್ನು ಕಂಡರೆ ಹೆಸರು ಸಾರ್ಥಕವೆನಿಸುತ್ತದೆ. ತುಂಗಭದ್ರಾ ಅಣೆಕಟ್ಟಿನ ಕಾಲುವೆಗಳು ಬರುವುದಕ್ಕೆ ಎಷ್ಟೋ ಮೊದಲೇ, ವಿಜಯನಗರ ಕಾಲದ ಸಿರುಗುಪ್ಪ ಮತ್ತು ದೇಶನೂರು ಕಾಲುವೆಗಳು ಈ ನೆಲಕ್ಕೆ ನೀರುಣಿಸುತ್ತಿದ್ದವು. ಕೆಂಚನಗುಡ್ಡದಲ್ಲಿ ನದಿಯ ದಂಡೆಗೆ ಹೋಗಿ ನಿಂತೆವು. ಒಂದೆಡೆ ಕುಸಿದ ಕೋಟೆ, ಇನ್ನೊಂದೆಡೆ ಬಂಡೆಗಳ ನಡುವೆ ಹರಿಯುವ ತುಂಗಭದ್ರೆ. ಕೋಟೆ ಕಾಯಬೇಕಾದ ಅರಸರು ಹೋದರು. ಕಾಲುವೆ ತೋಡಿದವರ ಕೆಲಸ ಇನ್ನೂ ಉಣ್ಣಿಸುತ್ತಿದೆ. ಹುಡುಗನು ಟಿಮ್‌ಗಾಡಿನ ಒಣಬೀದಿಗಳನ್ನು ನೆನೆದು, “ಅಲ್ಲಿ ಕಲ್ಲು ಮಾತ್ರ ಉಳಿದಾವ ದೊಡ್ಡಪ್ಪಾ. ಇಲ್ಲಿ ನೀರೂ ಉಳಿದೈತಿ, ಜನಾನೂ ಉಳಿದಾರ” ಎಂದನು. ನಮ್ಮ ಮನಸ್ಸಿನಲ್ಲಿ ಮೂಡಿದ್ದು ಬೇರೆಯೇ ಮಾತು: ಜನರಿಲ್ಲದ ಕಡೆ ಮರಳು ಕಲ್ಲನ್ನು ಕಾಯ್ದಿತು, ಜನರಿರುವ ಕಡೆ ಕಲ್ಲನ್ನು ಜನರೇ ಕಾಯಬೇಕು.

ಇಳಿಹೊತ್ತಿಗೆ ಕುರುಗೋಡು. ಕಲ್ಯಾಣದ ಚಾಲುಕ್ಯರ ಕಾಲದಲ್ಲಿ ಬಲ್ಲಕುಂದೆ ನಾಡನ್ನು ಆಳಿದ ಸಿಂದ ಅರಸರ ರಾಜಧಾನಿ ಇದು. ಹನ್ನೆರಡನೆಯ ಶತಮಾನದಲ್ಲಿ, ಅತ್ತ ಕಲ್ಯಾಣದಲ್ಲಿ ಬಸವಣ್ಣನವರ ಕ್ರಾಂತಿ ನಡೆದ ಕಾಲದಲ್ಲಿ, ಇತ್ತ ಇಲ್ಲಿ ಶಿವಾಲಯಗಳು ಏಳುತ್ತಿದ್ದವು. ಅವುಗಳ ದಾನಗಳನ್ನು ಶಾಸನಗಳು ಹೇಳುತ್ತವೆ. ಬೆಟ್ಟದ ಮೇಲೆ ಕೋಟೆಯ ಗೋ‌ಡೆಗಳು ಇನ್ನೂ ಕಾಣುತ್ತವೆ. ಹಳೆಯ ಗುಡಿಗಳ ಪೈಕಿ ನಾವು ಕಂಡ ಒಂದೆರಡರಲ್ಲಿ ದೀಪವಿರಲಿಲ್ಲ. ನುಣುಪಾದ ಕಂಬಗಳ ನಡುವೆ ಆಡಿನ ಹಿಕ್ಕೆ ಬಿದ್ದಿತ್ತು. ಮಾತೃಶ್ರೀಯವರು ಚಿಕ್ಕಂದಿನಲ್ಲಿ ಅಲ್ಲಿ ಕುಂಟೆಬಿಲ್ಲೆ ಆಡಿದ್ದರಂತೆ. ಹೊಸ್ತಿಲನ್ನು ಮುಟ್ಟಿ ಕಣ್ಣಿಗೆ ಒತ್ತಿಕೊಂಡರು.

ಆಮೇಲೆ ದೊಡ್ಡಬಸವೇಶ್ವರನ ಸನ್ನಿಧಿ. ಒಂದೇ ಕಲ್ಲಿನಲ್ಲಿ ಕಡೆದ, ಎರಡಾಳಿನೆತ್ತರದ ನಂದಿ. ಎದುರು ನಿಂತರೆ ಮನುಷ್ಯ ತಾನೆಷ್ಟು ಸಣ್ಣವನೆಂದು ಯಾರೂ ಹೇಳಿಕೊಡಬೇಕಾಗಿಲ್ಲ. ಗಂಟೆ ಮೊಳಗಿತು. ಕಪ್ಪಗಲ್ಲು ಬಂಡೆಯ ‘ಠಣ್’ ಎಂಬ ನಾದ ಕಿವಿಯಲ್ಲಿ ಮತ್ತೆ ಮೂಡಿತು. ಸಹಾರಾದ ಗೋಡೆಯ ದನಗಳು, ಕಪ್ಪಗಲ್ಲಿನ ಗೂಳಿಗಳು, ಬೂದಿಯ ದಿಬ್ಬ, ನಮ್ಮ ಹಿತ್ತಲಿನ ವೀರನ ಬೆನ್ನ ಹಿಂದಿನ ಮೂರು ಆಕಳು, ಎಲ್ಲವೂ ಆ ಬಸವನ ಎದುರು ನೆನಪಾದವು. ಮಾತೃಶ್ರೀಯವರು ಕೈಮುಗಿದು ಏನನ್ನೋ ಗುನುಗುತ್ತಿದ್ದರು. ಏನು ಬೇಡಿಕೊಂಡಿರೆಂದು ಆಮೇಲೆ ಕೇಳಿದೆವು. “ಬೇಡ್ಕೊಳ್ಳಿಲ್ಲಪ್ಪ. ನಿಮ್ಮಪ್ಪನ ಪರವಾಗಿ ತಪ್ಪಾತು ಅಂದೆ” ಎಂದರು.

ಹುಡುಗನು ಅಲ್ಜೀರಿಯಾಕ್ಕೆ ಮರಳಿದ್ದಾನೆ. ಇಲಾಖೆಗೆ ನಾವು ಪತ್ರ ಬರೆದೆವು. ಊರ ಹಿರಿಯರನ್ನೂ ಕೂಡಿಸಿ ಮಾತನಾಡಿದೆವು. ಅಚ್ಚರಿಯೆಂದರೆ, ನಮ್ಮ ಕಲ್ಲಿನ ಸುದ್ದಿ ಹರಡಿದ ಮೇಲೆ ಇನ್ನೂ ಎರಡು ಮನೆಯವರು ತಮ್ಮ ತಮ್ಮ ಹಿತ್ತಲಿಗೆ ಕರೆದು ತೋರಿಸಿದರು. ಒಂದು ಕಡೆ ಕೆತ್ತನೆಯ ಕಂಬದ ತುಂಡು, ಇನ್ನೊಂದು ಕಡೆ ಒರಳಿನ ಪಕ್ಕ ಬಾಗಿಲವಾಡದ ಅರ್ಧ. ಈಗ ಮೂರೂ ಕಲ್ಲುಗಳನ್ನು ಕೆರೆಯ ಏರಿಯ ಕೆಳಗೆ, ಅವುಗಳ ಮೂಲ ನೆಲೆಯಾದ ಹಾಳು ಗುಡಿಯ ಬಯಲಿನಲ್ಲಿ, ಬೇವಿನ ಮರದಡಿ ನೆಟ್ಟಗೆ ನಿಲ್ಲಿಸಲಾಗಿದೆ. ಅಧ್ಯಾಪಕ ಮಿತ್ರರು ಬಂದು ನೋಡಿ ಹೋಗಿದ್ದಾರೆ. ದನ ಮೇಯಿಸುವ ಹುಡುಗರು ಆ ನೆರಳಿನಲ್ಲಿ ಕೂಡುತ್ತಾರೆ; ಕಲ್ಲಿನ ಮೇಲೆ ಮಾತ್ರ ಕೂಡುವುದಿಲ್ಲವಂತೆ. ತಮ್ಮನೇ ಈಗ ಅವರಿಗೆ ತುರುಗಾಳಗದ ಕಥೆ ಹೇಳುತ್ತಾನೆಂದು ಕೇಳಿ ಸಂತೋಷವಾಯಿತು.

ಓದುಗ ಬಂಧುಗಳಲ್ಲಿ ನಮ್ಮ ವಿನಂತಿ ಇಷ್ಟೇ. ಕಾಶಿ, ಕೇದಾರಗಳಿಗೆ ಅಗತ್ಯವಾಗಿ ಹೋಗಿರಿ. ಶಕ್ತಿಯಿದ್ದವರು ಸಮುದ್ರದಾಚೆಯ ಹಾಳು ಪಟ್ಟಣಗಳನ್ನೂ ನೋಡಿಬನ್ನಿರಿ. ಹೊರಡುವ ಮೊದಲು ಅಥವಾ ಮರಳಿದ ಮೇಲೆ, ಒಂದು ಬೆಳಿಗ್ಗೆ ನಿಮ್ಮ ಹಿತ್ತಲಿಗೆ ಹೋಗಿ ಒಗೆಯುವ ಕಲ್ಲನ್ನೂ ಮೆಟ್ಟಿಲ ಕಲ್ಲನ್ನೂ ಒಮ್ಮೆ ಬಗ್ಗಿ ನೋಡಿರಿ. ಮಕ್ಕಳನ್ನು ಜೊತೆಗೆ ಕರೆದುಕೊಳ್ಳಿರಿ. ಅವರ ಕಣ್ಣು ಚುರುಕು. ಏನಾದರೂ ಕಂಡರೆ ಬೆದರದೆ ತಿಳಿದವರಿಗೆ ತಿಳಿಸಿರಿ.

ಮಾತೃಶ್ರೀಯವರು ಈಗ ಪ್ರತಿ ಸೋಮವಾರ ಬೇವಿನ ಮರದವರೆಗೆ ನಡೆದು ಹೋಗುತ್ತಾರೆ. ಎಣ್ಣೆ ಹಾಕಬಾರದೆಂದು ಹೇಳಿರುವುದರಿಂದ ಹಾಕುವುದಿಲ್ಲ. ಒಂದು ಹೂವಿಟ್ಟು, ಹೆಸರು ತಿಳಿಯದ ಕಾರಣ ‘ಅಣ್ಣಾ’ ಎಂದು ಕರೆದು, ಶರಣು ಮಾಡಿ ಬರುತ್ತಾರೆ.